ಗಾಸಿಪ್ ಪದ ಹುಟ್ಟಿದ್ದು ಹೆಂಡದಂಗಡಿಯಲ್ಲಾ?

ಹಾಸನ್ ಹುಡ್ಗ

ವಾಟ್ಸಾಪ್‌ನಲ್ಲಿ ಒಂದು ಫಾರ್ವರ್ಡ್ ಓಡಾಡುತ್ತಿದೆ. ಟಿವಿ, ಫೋನು, ಪೇಪರು ಯಾವುದೂ ಇಲ್ಲದ ಕಾಲವಂತೆ. ಜನರ ಮನಸ್ಸಿನಲ್ಲಿ ಏನಿದೆ ಅಂತ ತಿಳಿಯಲು ಇಂಗ್ಲೆಂಡಿನ ರಾಜಕಾರಣಿಗಳು ತಮ್ಮ ಕಡೆಯವರನ್ನು ಹೆಂಡದಂಗಡಿಗೆ ಕಳಿಸುತ್ತಿದ್ದರಂತೆ. 'ಗೋ, ಸಿಪ್' ಅಂತ ಹೇಳಿ. ಅಂದರೆ ಹೋಗು, ಗುಟುಕು ಗುಟುಕಾಗಿ ಕುಡಿಯುತ್ತಾ ಕೂತಿರು, ಕಿವಿ ಮಾತ್ರ ಪಕ್ಕದ ಮೇಜಿನ ಕಡೆ ಇರಲಿ ಅಂತ. ಆ 'ಗೋ ಸಿಪ್' ಕೊನೆಗೆ 'ಗಾಸಿಪ್' ಆಯಿತಂತೆ.

ಕಥೆ ಮಜವಾಗಿದೆ. ಅದಕ್ಕೇ ಅನುಮಾನ. ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ನಿಘಂಟುಪ್ರಿಯ

ಶುದ್ಧ ಸುಳ್ಳು. ಯಾರೋ ಪದವನ್ನು ಎರಡು ತುಂಡು ಮಾಡಿ, ತುಂಡಿಗೆ ತಕ್ಕ ಕಥೆ ಕಟ್ಟಿದ್ದಾರೆ.

ಗಾಸಿಪ್‌ನ ಹಳೆಯ ರೂಪ 'ಗಾಡ್‌ಸಿಬ್'. ಗಾಡ್ ಅಂದರೆ ದೇವರು, ಗೊತ್ತೇ ಇದೆ. ಸಿಬ್ ಅಂದರೆ ನೆಂಟಸ್ತಿಕೆ, ನೆಂಟ. ಈಗ ನಾವು ಬಳಸುವ 'ಸಿಬ್ಲಿಂಗ್'ನಲ್ಲಿ ಕೂತಿರುವುದೂ ಅದೇ ಸಿಬ್. ಹಾಗಾಗಿ ಗಾಡ್‌ಸಿಬ್ ಅಂದರೆ ದೇವರ ಮೂಲಕ ಆದ ನೆಂಟ. ಕ್ರೈಸ್ತರು ಮಗುವನ್ನು ಧರ್ಮಕ್ಕೆ ಸೇರಿಸಿಕೊಳ್ಳಲು ದೀಕ್ಷಾಸ್ನಾನ (ಬ್ಯಾಪ್ಟಿಸಂ) ಮಾಡಿಸುವಾಗ ಅದರ ಪರವಾಗಿ ನಿಂತು ಮಾತು ಕೊಡುವವರಿಗೆ ಈ ಹೆಸರು. ಈಗ ಗಾಡ್‌ಫಾದರ್, ಗಾಡ್‌ಮದರ್ ಅನ್ನುತ್ತೇವಲ್ಲ, ಅವರೇ. ಹರಟೆಗೂ ಈ ಪದಕ್ಕೂ ಆಗ ಯಾವ ನಂಟೂ ಇರಲಿಲ್ಲ.

ಎಷ್ಟು ಹಳೆಯದು ಅಂದರೆ, ಯಾರ್ಕಿನ ಆರ್ಚ್‌ಬಿಷಪ್ ಆಗಿದ್ದ ವುಲ್ಫ್‌ಸ್ಟನ್ 1014ರಲ್ಲಿ ಮಾಡಿದ ಒಂದು ಪ್ರವಚನದಲ್ಲಿ ಇದು ಬರುತ್ತದೆ. ಡೆನ್ಮಾರ್ಕ್ ಕಡೆಯ ಡೇನರು ಇಂಗ್ಲೆಂಡಿನ ಮೇಲೆ ಬಿದ್ದು ಕೊಳ್ಳೆ ಹೊಡೆಯುತ್ತಿದ್ದ ಕಾಲ ಅದು. ನಮ್ಮ ಪಾಪಕ್ಕೇ ಈ ಗತಿ ಅಂತ ಅವನು ಜನರನ್ನು ಬೈಯುತ್ತಾನೆ. ಆ ಪಾಪಗಳ ಪಟ್ಟಿಯಲ್ಲಿ ಒಂದು, ತಮ್ಮ ಗಾಡ್‌ಸಿಬ್‌ಗಳನ್ನೂ ದೇವರ ಹೆಸರಲ್ಲಿ ಮಕ್ಕಳಾದವರನ್ನೂ ಕೊಂದುಹಾಕಿದ್ದು. ಎಷ್ಟು ಗಂಭೀರವಾದ ಪದವಾಗಿತ್ತು ನೋಡಿ.

ಆಮೇಲೆ ಬಾಯಲ್ಲಿ ಸವೆದು 'ಡ' ಬಿದ್ದುಹೋಯಿತು. ಗಾಡ್‌ಸಿಬ್, ಗಾಸಿಬ್, ಗಾಸಿಪ್. ಸುವಾರ್ತೆಗೆ ಇಂಗ್ಲಿಷಿನಲ್ಲಿ 'ಗಾಸ್ಪೆಲ್' ಅನ್ನುತ್ತಾರಲ್ಲ, ಅದೂ ಮೊದಲು 'ಗಾಡ್‌ಸ್ಪೆಲ್' ಆಗಿತ್ತು. ಅಲ್ಲೂ 'ಡ' ಹೀಗೇ ಮಾಯವಾಯಿತು.

ಹಾಸನ್ ಹುಡ್ಗ

ನೆಂಟಸ್ತಿಕೆಯ ಪದ ಚಾಡಿಯ ಪದ ಆಗಿದ್ದು ಹೇಗೆ ಸಾರ್? ನಡುವೆ ಏನೋ ಆಗಿರಬೇಕಲ್ಲ.

ಕುಡ್ಲದ ಕ್ರಿಸ್ಟಿ

ನಡುವಿನದ್ದು ಹೇಳುವ ಮುಂಚೆ ಒಂದು ವಿಷಯ. ಗಾಡ್‌ಫಾದರ್ ಅಂದ ಕೂಡಲೇ ಮಗುವಿಗೂ ಅವನಿಗೂ ಇರುವ ಸಂಬಂಧ ಮಾತ್ರ ಅಂದುಕೊಳ್ಳಬೇಡಿ. ಹಳೆಯ ಕಾಲದಲ್ಲಿ ಇನ್ನೊಂದು ಸಂಬಂಧವೇ ಹೆಚ್ಚು ಮುಖ್ಯವಾಗಿತ್ತು. ಮಗುವಿನ ಅಪ್ಪ ಅಮ್ಮನಿಗೂ ಗಾಡ್‌ಫಾದರ್, ಗಾಡ್‌ಮದರ್‌ಗೂ ನಡುವೆ ಆಗುವ ನಂಟು. ಹಿಂದೂ ಸ್ನೇಹಿತರಿಗೆ ಹೇಳುವಾಗ ನಾನು 'ಬೀಗರು' ಅಂತ ಹೇಳಿ ಅರ್ಥ ಮಾಡಿಸುತ್ತೇನೆ. ಮದುವೆಯ ಬದಲು ದೀಕ್ಷಾಸ್ನಾನದಿಂದ ಆದ ಬೀಗತನ. ಲ್ಯಾಟಿನ್‌ನಲ್ಲಿ ಗಂಡಸಾದರೆ 'ಕೊಂಪಾತೆರ್', ಹೆಂಗಸಾದರೆ 'ಕೊಮ್ಮಾತೆರ್'. ಜೊತೆ ಅಪ್ಪ, ಜೊತೆ ಅಮ್ಮ. ಇಂಗ್ಲಿಷಿನ ಗಾಸಿಪ್ ಈ ಇಬ್ಬರಿಗೂ ಸಲ್ಲುತ್ತಿತ್ತು.

ಚರ್ಚು ಇದನ್ನು ರಕ್ತಸಂಬಂಧದಷ್ಟೇ ಗಟ್ಟಿ ಅಂತ ಭಾವಿಸಿತ್ತು. ಎಷ್ಟರಮಟ್ಟಿಗೆ ಅಂದರೆ ಮಗುವಿನ ತಾಯಿ ವಿಧವೆಯಾದರೂ ಆ ಮಗುವಿನ ಗಾಡ್‌ಫಾದರನ್ನು ಮದುವೆಯಾಗುವ ಹಾಗಿರಲಿಲ್ಲ. 16ನೇ ಶತಮಾನದಲ್ಲಿ ಕ್ಯಾಥೊಲಿಕ್ ಚರ್ಚಿನ ದೊಡ್ಡ ಸಭೆಯಾದ ಟ್ರೆಂಟ್ ಪರಿಷತ್ತು ಈ ನಿಷೇಧದ ಹರವನ್ನು ಕಡಿಮೆ ಮಾಡಿತು. ಪೂರ್ತಿ ಕೈಬಿಟ್ಟಿದ್ದು 1983ರ ಚರ್ಚ್ ಕಾನೂನಿನಲ್ಲಿ.

ಇದರ ಮೇಲೆ, ಈಗಿನ ಫ್ರಾನ್ಸನ್ನು ಫ್ರಾಂಕರು ಆಳುತ್ತಿದ್ದ ಕಾಲದ ಒಂದು ಕಥೆ ಇದೆ. ರಾಜ ಚಿಲ್ಪೆರಿಕ್ ಯುದ್ಧಕ್ಕೆ ಹೋಗಿದ್ದಾಗ ರಾಣಿ ಔಡೊವೇರಾ ಹೆಣ್ಣು ಹೆತ್ತಳು. ದೀಕ್ಷಾಸ್ನಾನಕ್ಕೆ ಗಾಡ್‌ಮದರ್ ಬೇಕು. 'ನಿಮಗಿಂತ ದೊಡ್ಡವರು ಯಾರು ಸಿಗುತ್ತಾರೆ, ನೀವೇ ನಿಂತುಬಿಡಿ' ಅಂತ ದಾಸಿ ಫ್ರೆಡೆಗುಂಡ್ ಕಿವಿ ಊದಿದಳು. ರಾಣಿ ತನ್ನ ಮಗಳಿಗೆ ತಾನೇ ಗಾಡ್‌ಮದರ್ ಆದಳು. ಮುಗಿಯಿತು! ರಾಜ ವಾಪಸ್ ಬಂದಾಗ ಹೆಂಡತಿ ಅವನಿಗೆ ಗಾಡ್‌ಸಿಬ್ ಆಗಿಬಿಟ್ಟಿದ್ದಳು. ಸಂಸಾರ ಮಾಡುವ ಹಾಗಿಲ್ಲ. ಅವಳನ್ನು ಬಿಟ್ಟು ಫ್ರೆಡೆಗುಂಡಳನ್ನೇ ಕಟ್ಟಿಕೊಂಡ. ನಡೆದದ್ದು 6ನೇ ಶತಮಾನದಲ್ಲಂತೆ, ಬರೆದಿಟ್ಟದ್ದು 8ನೇ ಶತಮಾನದಲ್ಲಿ. ಆದ್ದರಿಂದ ಇದೂ ಒಂದು ಗಾಸಿಪ್ಪೇ ಇರಬಹುದು.

ಬಿಸಿಬೇಳೆ

ಫ್ರೆಡೆಗುಂಡ್ ಮಾಡಿದ್ದು ಧಾರಾವಾಹಿಯವರಿಗೆ ಗೊತ್ತಾದರೆ ಐನೂರು ಎಪಿಸೋಡ್ ಗ್ಯಾರಂಟಿ.

ಓದುಗೌಡ್ರು

ಹಾಸನ್ ಹುಡ್ಗ ಕೇಳಿದ 'ನಡುವೆ ಏನಾಯಿತು' ಅನ್ನುವುದಕ್ಕೆ 14ನೇ ಶತಮಾನದ ಕವಿಗಳನ್ನು ನೋಡಬೇಕು. ಆ ಹೊತ್ತಿಗೆ ಗಾಸಿಬ್ ಅಂದರೆ ಸುಮ್ನೆ ಆಪ್ತ ಗೆಳೆಯ, ಗೆಳತಿ ಅಂತ ಆಗಿಹೋಗಿತ್ತು. ಸಹಜವೇ. ಮಗುವಿಗೆ ಗಾಡ್‌ಮದರ್ ಆಗು ಅಂತ ಕರೆಯುವುದು ಯಾರನ್ನು? ಹತ್ತಿರದವರನ್ನೇ ಅಲ್ವಾ.

ಚಾಸರ್‌ನ ಕ್ಯಾಂಟರ್‌ಬರಿ ಕಥೆಗಳಲ್ಲಿ ಬಾತ್ ಊರಿನ ಹೆಂಗಸು ಬರುತ್ತಾಳೆ. ಐದು ಗಂಡಂದಿರನ್ನು ಕಂಡವಳು, ಬಾಯಿ ಜೋರು. ಅವಳಿಗೊಬ್ಬಳು ಗಾಸಿಬ್. ಹೆಸರು ಆಲಿಸನ್. 'ನನ್ನ ಮನಸ್ಸು, ನನ್ನ ಗುಟ್ಟು ಎಲ್ಲ ನಮ್ಮ ಊರ ಪಾದ್ರಿಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು' ಅನ್ನುತ್ತಾಳೆ. ಅಷ್ಟಕ್ಕೇ ನಿಲ್ಲಲ್ಲ. ನನ್ನ ಗಂಡ ಗೋಡೆ ಮೇಲೆ ಉಚ್ಚೆ ಹೊಯ್ದಿದ್ದರೂ ಸರಿ, ತಲೆ ಹೋಗುವಂಥ ಕೆಲಸ ಮಾಡಿದ್ದರೂ ಸರಿ, ಹೋಗಿ ಅವಳಿಗೆ ಹೇಳಿಬಿಡುತ್ತಿದ್ದೆ ಅನ್ನುತ್ತಾಳೆ! ಗಂಡನ ಮುಖ ಕೆಂಪಾಗುತ್ತಿತ್ತಂತೆ.

ನನ್ನ ಲೆಕ್ಕದಲ್ಲಿ ಪದದ ತಿರುವು ಇಲ್ಲೇ ಕಣ್ಣಿಗೆ ಬೀಳುತ್ತದೆ. ಗಾಸಿಬ್ ಅಂದರೆ ಇನ್ನೂ ವ್ಯಕ್ತಿಯೇ. ಆದರೆ ಎಂಥ ವ್ಯಕ್ತಿ? ಗಂಡನ ಗುಟ್ಟನ್ನು ಹೇಳಿಕೊಳ್ಳಲು ಸಿಗುವವಳು.

ಅದೇ ಕಾಲದ ಇನ್ನೊಂದು ಕಾವ್ಯ 'ಪಿಯರ್ಸ್ ಪ್ಲೌಮನ್'. ಅದರಲ್ಲಿ ಹೊಟ್ಟೆಬಾಕನೊಬ್ಬ ಪಾಪನಿವೇದನೆಗೆ ಅಂತ ಚರ್ಚಿಗೆ ಹೊರಟಿರುತ್ತಾನೆ. ದಾರಿಯಲ್ಲಿ ಬಿಯರ್ ಕಾಯಿಸುವ ಬೆಟ್ಟಿ ಕರೆಯುತ್ತಾಳೆ, 'ಗಾಸಿಬ್, ಒಳ್ಳೇ ಏಲ್ ಇದೆ, ರುಚಿ ನೋಡ್ತೀಯಾ?' ಚರ್ಚು ಅಲ್ಲಿಗೇ ಉಳಿಯಿತು. ಗಮನಿಸಿ, ಇಲ್ಲಿ ಗಾಸಿಬ್ ಒಬ್ಬ ಗಂಡಸು. 'ಏನ್ ಗೆಳೆಯಾ' ಅಂದ ಹಾಗೆ.

ಹಾಸನ್ ಹುಡ್ಗ

ಹಾಗಾದರೆ ಹೆಂಡದಂಗಡಿ ಬಂದೇ ಬಂತಲ್ಲ ಸಾರ್!

ಓದುಗೌಡ್ರು

ಬಂತು, ಆದರೆ ಪದ ಹುಟ್ಟಿದ ಮೇಲೆ. ಹೆಂಡಕ್ಕೂ ಗಾಸಿಪ್‌ಗೂ ನಂಟು ಮುಂದೂ ಇದೆ. ಚೆಸ್ಟರ್ ಊರಿನ ಹಳೆಯ ಧಾರ್ಮಿಕ ನಾಟಕಗಳಲ್ಲಿ ನೋಹನ ಹಡಗಿನ ಪ್ರಸಂಗ ಇದೆ. ಪ್ರಳಯ ಬರುತ್ತಿದೆ, ನೀರು ಏರುತ್ತಿದೆ. ನೋಹನ ಹೆಂಡತಿ ಹಡಗು ಹತ್ತಲು ಒಪ್ಪಲ್ಲ. 'ನನ್ನ ಗಾಸಿಪ್‌ಗಳೆಲ್ಲ ಬರಬೇಕು, ಇಲ್ಲದಿದ್ದರೆ ಒಂದು ಹೆಜ್ಜೆ ಮುಂದಿಡಲ್ಲ' ಅಂತ ಹಟ. ಗೆಳತಿಯರು ಅಲ್ಲೇ ಸಿಹಿ ವೈನ್ ಹಂಚಿಕೊಂಡು ಹಾಡುತ್ತಾರೆ. ಕೊನೆಗೆ ಮಕ್ಕಳು ಅವಳನ್ನು ಎತ್ತಿ ಒಳಗೆ ಹಾಕಬೇಕಾಗುತ್ತದೆ. ಜನ ನಗಲಿ ಅಂತ ಬರೆದದ್ದು. ನನಗೆ ಮಾತ್ರ ಆ ನಾಟಕದಲ್ಲಿ ಇಷ್ಟವಾಗುವವಳು ಅವಳೊಬ್ಬಳೇ. ಪ್ರಪಂಚ ಮುಳುಗುವಾಗ ಗೆಳತಿಯರನ್ನು ಬಿಟ್ಟು ಹೋಗಲ್ಲ ಅಂದವಳು ಅವಳು. ನೋಹ ಅಕ್ಕಪಕ್ಕದವರ ಬಗ್ಗೆ ಯೋಚಿಸಿದ ಹಾಗೆ ಕಾಣಲ್ಲ.

ಶಾಂತಕ್ಕ ಶಿರಸಿ

ಎಲ್ಲರೂ ಹೆಂಡದ ಸುತ್ತಲೇ ಸುತ್ತುತ್ತಿದ್ದೀರಿ. ಗಾಸಿಪ್ ಪದ ಹೆಂಗಸರಿಗೆ ಅಂಟಿಕೊಂಡ ಜಾಗ ಬಾಣಂತಿ ಕೋಣೆ. ಅದನ್ನು ಯಾರೂ ಹೇಳಲಿಲ್ಲ.

16, 17ನೇ ಶತಮಾನದ ಇಂಗ್ಲೆಂಡಿನಲ್ಲಿ ಹೆರಿಗೆ ಅಂದರೆ ಪೂರ್ತಿ ಹೆಂಗಸರ ಕೆಲಸ. ನೋವು ಶುರುವಾದ ಕೂಡಲೇ ಗಂಡ ಓಡಿಹೋಗಿ ಸೂಲಗಿತ್ತಿಯನ್ನೂ ಅಕ್ಕಪಕ್ಕದ ಹೆಂಗಸರನ್ನೂ ಕರೆತರಬೇಕು. ಕರೆಸಿಕೊಂಡ ಆ ಹೆಂಗಸರೇ ಗಾಸಿಪ್‌ಗಳು. ಅವರು ಬಂದ ಮೇಲೆ ಗಂಡನಿಗೆ ಒಳಗೆ ಜಾಗ ಇಲ್ಲ. ಪರದೆ ಎಳೆದು, ಬೀಗದ ಕಿಂಡಿಯನ್ನೂ ಮುಚ್ಚಿ, ಬೆಂಕಿ ಹಾಕಿ ಕೋಣೆ ಬೆಚ್ಚಗಿಡುತ್ತಿದ್ದರು. ತಾಯಿಗೆ 'ಕಾಡಲ್' ಅಂತ ಒಂದು ಪಾನೀಯ ಕೊಡುತ್ತಿದ್ದರು. ಏಲ್ ಅಥವಾ ವೈನ್ ಬಿಸಿ ಮಾಡಿ, ಗಂಜಿ, ಸಕ್ಕರೆ, ಮಸಾಲೆ ಹಾಕಿದ್ದು. ಗಾಸಿಪ್‌ಗಳೂ ಕುಡಿಯುತ್ತಿದ್ದರು ಅನ್ನಿ. ಹೆರಿಗೆ ಆದ ಮೇಲೂ ಸುಮಾರು ಒಂದು ತಿಂಗಳು ಬಾಣಂತನ. ಹೆಂಗಸರು ಬರುವುದು, ಕೂರುವುದು, ಮಾತು. ತಿಂಗಳಾದ ಮೇಲೆ ತಾಯಿ ಚರ್ಚಿಗೆ ಹೋಗಿ ಶುದ್ಧಿ ಆದಳು ಅನ್ನುವವರೆಗೂ ಮನೆಯ ಯಜಮಾನ ಒಂಥರಾ ಹೊರಗಿನವನು.

ಅದು ಬರೀ ಹರಟೆ ಕೋಣೆಯೂ ಆಗಿರಲಿಲ್ಲ. ಮದುವೆಯಾಗದ ಹುಡುಗಿ ಹೆರುವಾಗ, ನೋವಿನ ನಡುವೆ ಸೂಲಗಿತ್ತಿ 'ಮಗು ಯಾರದ್ದು ಹೇಳು' ಅಂತ ಕೇಳುತ್ತಿದ್ದಳು. ಅವಳು ಹೇಳಿದ ಹೆಸರಿಗೆ ಅಲ್ಲಿದ್ದ ಹೆಂಗಸರೇ ಸಾಕ್ಷಿ. ಆ ಹೆಸರಿನವನು ಮಗುವಿನ ಖರ್ಚು ಕೊಡಬೇಕಾಗುತ್ತಿತ್ತು. ಅಂದರೆ ಗಾಸಿಪ್‌ಗಳ ಮಾತಿಗೆ ಕಾನೂನಿನ ತೂಕ ಇತ್ತು. ಆ ಕೋಣೆಯಲ್ಲಿ ಏನು ಮಾತಾಡಿಕೊಂಡರು ಅಂತ ಹೊರಗೆ ಕಾಯುತ್ತಿದ್ದ ಗಂಡಸರಿಗೆ ಭಯ ಇರದೆ ಇರುತ್ತಾ? ಭಯ ಇದ್ದಲ್ಲಿ ಗೇಲಿ ಹುಟ್ಟುತ್ತದೆ. ಒಳ್ಳೆಯ ಪದ ಹಾಳಾದದ್ದು ಹೀಗೆ.

ನಿಘಂಟುಪ್ರಿಯ

ಅಕ್ಕ ಹೇಳಿದ್ದಕ್ಕೆ ನಿಘಂಟಿನಲ್ಲೇ ಸಾಕ್ಷಿ ಇದೆ. ಸ್ಯಾಮ್ಯುಯಲ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ ಗಾಸಿಪ್‌ಗೆ ಮೂರು ಅರ್ಥ ಕೊಡುತ್ತಾನೆ. ಮೊದಲನೆಯದು ದೀಕ್ಷಾಸ್ನಾನದಲ್ಲಿ ಮಗುವಿನ ಪರ ನಿಲ್ಲುವವರು. ಎರಡನೆಯದು ಜೊತೆಗೆ ಕೂತು ಕುಡಿಯುವವರು. ಮೂರನೆಯದು, ಬಾಣಂತಿ ಕೋಣೆಯ ಹೆಂಗಸರ ಹಾಗೆ ಊರೆಲ್ಲ ಓಡಾಡಿ ಹರಟುವವರು. ಗೌಡ್ರ ಬೆಟ್ಟಿ, ಅಕ್ಕನ ಬಾಣಂತಿ, ಕ್ರಿಸ್ಟಿಯ ಚರ್ಚು ಮೂರೂ ಒಂದೇ ಕಡೆ.

ಆದರೆ ನೋಡಿ, 1755ರಲ್ಲೂ ಗಾಸಿಪ್ ಅಂದರೆ ಮನುಷ್ಯರೇ. ಆಡುವ ಮಾತಿಗೇ ಗಾಸಿಪ್ ಅನ್ನುವ ಬಳಕೆ ಸಿಗುವುದು 19ನೇ ಶತಮಾನದ ಆರಂಭದಲ್ಲಿ. ಇವತ್ತು ನಮಗೆ ಮೊದಲು ಹೊಳೆಯುವ ಅರ್ಥವೇ ಎಲ್ಲಕ್ಕಿಂತ ಕೊನೆಯಲ್ಲಿ ಬಂದದ್ದು.

ಕ್ರಿಯಾಪದದ ಕಥೆ ಬೇರೆ. ಷೇಕ್ಸ್‌ಪಿಯರ್ ಒಂದು ಕಡೆ 'ಗಾಸಿಪ್' ಅನ್ನುವುದನ್ನು ಹೆಸರಿಡುವುದು ಅನ್ನುವ ಅರ್ಥದಲ್ಲಿ ಬಳಸುತ್ತಾನೆ, ಗಾಡ್‌ಫಾದರ್ ನಿಂತು ಹೆಸರಿಡುತ್ತಾನಲ್ಲ ಹಾಗೆ. 8ನೇ ಹೆನ್ರಿಯ ನಾಟಕದ ಕೊನೆಯಲ್ಲಿ ಎಲಿಜಬೆತ್ ಕೂಸಿನ ದೀಕ್ಷಾಸ್ನಾನ ಬರುತ್ತದೆ. ಅಲ್ಲಿ ರಾಜ ಆರ್ಚ್‌ಬಿಷಪ್‌ನನ್ನೂ ದೊಡ್ಡ ಮನೆತನದ ಹೆಂಗಸರನ್ನೂ ಸೇರಿಸಿ 'ನನ್ನ ಗೌರವಾನ್ವಿತ ಗಾಸಿಪ್‌ಗಳೇ' ಅಂತ ಕರೆಯುತ್ತಾನೆ. ಈಗ ಯಾರಾದರೂ ಆರ್ಚ್‌ಬಿಷಪ್‌ಗೆ ಹಾಗೆ ಕರೆದು ನೋಡಲಿ!

ಶಾಂತಕ್ಕ ಶಿರಸಿ

ಗೇಲಿಗೆ ನಿಂತಿದ್ದರೆ ಪರವಾಗಿಲ್ಲ, ಶಿಕ್ಷೆಗೂ ಹೋಯಿತು. ಸ್ಕಾಟ್ಲೆಂಡಿನಲ್ಲಿ 16ನೇ ಶತಮಾನದಿಂದಲೇ 'ಬ್ರ್ಯಾಂಕ್ಸ್' ಅಂತ ಕಬ್ಬಿಣದ ಮುಖವಾಡ ಇತ್ತು. ತಲೆಗೆ ಹಾಕಿ ಬೀಗ ಜಡಿಯುವುದು. ಒಳಗೊಂದು ಕಬ್ಬಿಣದ ಪಟ್ಟಿ ನಾಲಿಗೆಯನ್ನು ಒತ್ತಿ ಹಿಡಿಯುತ್ತದೆ. ಹಾಕಿಸಿ ಊರಲ್ಲಿ ಮೆರವಣಿಗೆ ಮಾಡುತ್ತಿದ್ದರು. 'ಗಾಸಿಪ್‌ನ ಕಡಿವಾಣ' ಅಂತಲೇ ಅದಕ್ಕೆ ಇನ್ನೊಂದು ಹೆಸರು. ಇಂಗ್ಲೆಂಡಿನ ವಾಲ್ಟನ್ ಊರಿನ ಚರ್ಚಿನಲ್ಲಿ 1633ರ ಇಸವಿ ಕೊರೆದಿದ್ದ ಒಂದಿತ್ತು. ಅದರ ಮೇಲೆ ಪ್ರಾಸ ಬೇರೆ, ವ್ಯರ್ಥ ಮಾತಾಡುವ ಹೆಂಗಸರ ನಾಲಿಗೆ ಹಿಡಿಯಲು ಕೊಟ್ಟ ಕಾಣಿಕೆ ಇದು ಅಂತ.

ಸಂಶಯಪ್ಪ

ಅಕ್ಕಾ, ಒಂದು ತಕರಾರು. ಆ ಮುಖವಾಡ ಹಾಕುತ್ತಿದ್ದದ್ದು 'ಸ್ಕೋಲ್ಡ್' ಅನ್ನುವ ಆರೋಪಕ್ಕೆ. ಅಂದರೆ ಬೀದಿಯಲ್ಲಿ ನಿಂತು ಬೈಯುವವಳು, ಜಗಳಗಂಟಿ. ಗಾಸಿಪ್ ಅನ್ನುವುದು ಕೋರ್ಟಿನ ಆರೋಪ ಆಗಿರಲಿಲ್ಲ. ಎರಡನ್ನೂ ಬೆರೆಸಿ, ಗೆಳತಿ ಅನ್ನುವ ಪದವನ್ನು ಗಂಡಸರು ಬೇಕೆಂದೇ ಕೆಡಿಸಿದರು ಅಂತ ಇತ್ತೀಚೆಗೆ ಎಲ್ಲ ಕಡೆ ಬರೆಯುತ್ತಿದ್ದಾರೆ. ಪದಗಳನ್ನು ಯಾರೂ ಸಭೆ ಸೇರಿ ಕೆಡಿಸಲ್ಲ. ಆಪ್ತರು ಸೇರಿದರೆ ಮಾತಾಡುತ್ತಾರೆ, ಮಾತಾಡಿದರೆ ಇನ್ನೊಬ್ಬರ ವಿಷಯ ಬರುತ್ತದೆ. ಆಪ್ತ ಅನ್ನುವ ಪದ ಮಾತಿನ ಕಡೆ ಜಾರುವುದಕ್ಕೆ ಇಷ್ಟು ಸಾಕು.

ಶಾಂತಕ್ಕ ಶಿರಸಿ

ಸ್ಕೋಲ್ಡ್ ಅನ್ನುವುದು ಇಂಗ್ಲಿಷ್ ಕಾನೂನಿನಲ್ಲಿ ಅಪರಾಧವಾಗಿ ಎಲ್ಲಿಯವರೆಗೆ ಇತ್ತು ಗೊತ್ತಾ? 1967ರವರೆಗೆ. ಆ ವರ್ಷದ ಕ್ರಿಮಿನಲ್ ಕಾನೂನಿನಲ್ಲಿ ತೆಗೆದರು. ಬಳಕೆಯಲ್ಲಿ ಇರಲಿಲ್ಲ, ಒಪ್ಪುತ್ತೇನೆ. ಸಭೆ ಸೇರಿ ಕೆಡಿಸಿದರು ಅಂತ ನಾನೂ ಹೇಳಲಿಲ್ಲ. ಗಂಡಸರು ಸೇರಿದರೂ ಮಾತಾಡುತ್ತಾರೆ ತಾನೇ? ಜಗಲಿಯಲ್ಲಿ ಇಸ್ಪೀಟು ಹಿಡಿದು ಕೂತವರು ಊರಿನ ಯಾರ ಸಂಸಾರವನ್ನೂ ಬಿಡಲ್ಲ. ಬೆಟ್ಟಿ ಕರೆದ ಆ ಹೊಟ್ಟೆಬಾಕನೂ ಗಾಸಿಪ್ಪೇ ಆಗಿದ್ದ. ಆದರೆ ಚಾಡಿಯ ಅರ್ಥ ಬಂದಾಗ ಪದ ಹೆಂಗಸರ ಸೆರಗಿಗೆ ಮಾತ್ರ ಯಾಕೆ ಕಟ್ಟಿಕೊಂಡಿತು? ನನ್ನ ಪ್ರಶ್ನೆ ಅಷ್ಟೇ.

ಪ್ಯಾರಿಸ್‌ನಿಂದ ಪಾಟೀಲ

ಇಷ್ಟು ದಿನ ಸುಮ್ನೆ ಓದುತ್ತಿದ್ದೆ, ಈಗ ತಡೆಯಲು ಆಗಲಿಲ್ಲ. ಕ್ರಿಸ್ಟಿ ಹೇಳಿದ ಆ ಎರಡು ಲ್ಯಾಟಿನ್ ಪದಗಳು ಫ್ರೆಂಚಿನಲ್ಲಿ ಏನಾದವು ನೋಡಿ. ಜೊತೆ ಅಮ್ಮ ಅನ್ನುವ ಕೊಮ್ಮಾತೆರ್ 'ಕೊಮೇರ್' ಆಯಿತು. ಇವತ್ತು ಅದರ ಅರ್ಥ ಚಾಡಿಕೋರ ಹೆಂಗಸು. ಅವಳು ಆಡುವ ಮಾತು 'ಕೊಮೇರಾಜ್'. ಇಂಗ್ಲಿಷ್ ಗಾಸಿಪ್ ನಡೆದ ದಾರಿಯನ್ನೇ ಅದೂ ಹಿಡಿಯಿತು. ಮೂಲ ಬೇರೆ ಭಾಷೆ, ತಲುಪಿದ ಜಾಗ ಒಂದೇ.

ಜೊತೆ ಅಪ್ಪ ಅನ್ನುವ ಕೊಂಪಾತೆರ್ ಏನಾಯಿತು? 'ಕೊಂಪೇರ್'. ಗೆಳೆಯ, ಜೊತೆಗಾರ. ಆಮೇಲೆ ಫ್ರೆಂಚ್ ರಂಗಭೂಮಿಯಲ್ಲಿ ನಡುವೆ ನಡುವೆ ಬಂದು ಕಾರ್ಯಕ್ರಮ ನಡೆಸಿಕೊಡುವವನಿಗೆ ಆ ಹೆಸರು ಬಂತು. ಇಂಗ್ಲಿಷಿನವರು ಅದನ್ನು ಎತ್ತಿಕೊಂಡರು. ಅಲ್ಲಿಂದ ನಮ್ಮಲ್ಲಿಗೂ ಬಂತು. ಹೌದು, ನಮ್ಮ ಊರಿನ ರಾಜ್ಯೋತ್ಸವದ ವೇದಿಕೆಯಲ್ಲಿ, ಕಾಲೇಜು ಡೇನಲ್ಲಿ ಮಾಡುವ ಕಂಪೇರಿಂಗ್ ಅದೇ!

ಶಾಂತಕ್ಕನ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಒಂದೇ ದೀಕ್ಷಾಸ್ನಾನ, ಒಂದೇ ಮಗು, ಅಕ್ಕಪಕ್ಕ ನಿಂತ ಇಬ್ಬರು. ಇಬ್ಬರ ಹೆಸರೂ ಮಾತಿನ ಕಡೆಗೇ ಬಂದವು. ಗಂಡಸಿಗೆ ಮೈಕ್ ಸಿಕ್ಕಿತು. ಹೆಂಗಸಿಗೆ ಚಾಡಿಕೋರಿ ಅನ್ನುವ ಹೆಸರು ಸಿಕ್ಕಿತು.

ಬಿಸಿಬೇಳೆ

ನಾನು ಕಾಲೇಜಿನಲ್ಲಿ ಮೂರು ವರ್ಷ ಕಂಪೇರಿಂಗ್ ಮಾಡಿದ್ದೆ. ಗಾಡ್‌ಫಾದರ್ ಕೆಲಸ ಅಂತ ಆಗ ಗೊತ್ತಿದ್ದರೆ ಪೇಮೆಂಟ್ ಕೇಳುತ್ತಿದ್ದೆ.

ಸಂಶಯಪ್ಪ

ಪಾಟೀಲರೇ, ಒಳ್ಳೆಯ ಪಾಯಿಂಟು. ಆದರೆ ಫ್ರೆಂಚಿನ ಕೊಂಪೇರ್‌ಗೆ ಇನ್ನೊಂದು ಅರ್ಥವೂ ಇದೆಯಲ್ಲ. ಜಾದೂಗಾರನ ಕಡೆಯವನಾಗಿ ಜನರ ನಡುವೆ ಗುಟ್ಟಾಗಿ ಕೂತಿರುವವನು, ಮೋಸದ ಜೊತೆಗಾರ. ಗಂಡಸಿನ ಪದವೂ ಪೂರ್ತಿ ಮರ್ಯಾದೆಯಿಂದ ಉಳಿಯಲಿಲ್ಲ. ರಷ್ಯನ್ ಭಾಷೆಯಲ್ಲಿ ಇದೇ ಬೀಗತನಕ್ಕೆ 'ಕೂಮ್', 'ಕುಮಾ' ಅನ್ನುತ್ತಾರೆ. ಅದರಿಂದ ಹುಟ್ಟಿದ 'ಕುಮೊವ್‌ಸ್ತ್ವೊ' ಅಂದರೆ ಸ್ವಜನಪಕ್ಷಪಾತ. ತಮ್ಮವರಿಗೇ ಕೆಲಸ, ತಮ್ಮವರಿಗೇ ಕಂಟ್ರಾಕ್ಟು. ಅಲ್ಲಿ ಈ ಪದ ಆಫೀಸಿನ ಕಡೆ ಹೋಯಿತು. ಸ್ಪ್ಯಾನಿಷ್‌ನಲ್ಲಿ 'ಕೊಂಪಾದ್ರೆ' ಅಂದರೆ ಈಗಲೂ ಜೀವದ ಗೆಳೆಯ.

ಕುಡ್ಲದ ಕ್ರಿಸ್ಟಿ

ಅದೇ ಸ್ಪ್ಯಾನಿಷ್‌ನಲ್ಲಿ 'ಕೊಮಾದ್ರೆ'ಯಿಂದ ಬಂದ ಎರಡು ಪದ ಇವೆ. 'ಕೊಮಾದ್ರೋನಾ' ಅಂದರೆ ಸೂಲಗಿತ್ತಿ. 'ಕೊಮಾದ್ರೆಯೋ' ಅಂದರೆ ಗಾಸಿಪ್. ಶಾಂತಕ್ಕ ಹೇಳಿದ ಬಾಣಂತಿ ಕೋಣೆ ಪೂರ್ತಿ ಒಂದೇ ಪದದ ಬೇರಿನಲ್ಲಿ ಇದೆ.

ಶಾಂತಕ್ಕ ಶಿರಸಿ

ಸಂಶಯಪ್ಪನವರೇ, ಇದಕ್ಕೇನು ಹೇಳುತ್ತೀರಿ?

ಸಂಶಯಪ್ಪ

ಊಟ ಮಾಡಿ ಬಂದು ಹೇಳುತ್ತೇನೆ.

ಕರಿಕೋಟು

ಅವರು ಬರುವವರೆಗೆ ನಾನು ಸ್ವಲ್ಪ ಕಾನೂನಿನ ಕಡೆ ಎಳೆಯುತ್ತೇನೆ. ಗಾಸಿಪ್ ಮಾತಿನ ಹೆಸರಾಗಿ, ಆಮೇಲೆ ವ್ಯಾಪಾರವೂ ಆಯಿತು. 19ನೇ ಶತಮಾನದ ಕೊನೆಗೆ ಅಮೆರಿಕದಲ್ಲಿ ಪೇಪರುಗಳು ದೊಡ್ಡವರ ಮನೆಯ ಸುದ್ದಿ ಮಾರಿಯೇ ಬೆಳೆಯುತ್ತಿದ್ದವು. ಕೈಗೆ ಸಿಗುವ ಕ್ಯಾಮೆರಾ ಬೇರೆ ಬಂದಿತ್ತು. 1890ರಲ್ಲಿ ಬಾಸ್ಟನ್ನಿನ ಇಬ್ಬರು ವಕೀಲರು, ಸ್ಯಾಮ್ಯುಯಲ್ ವಾರನ್ ಮತ್ತು ಲೂಯಿ ಬ್ರಾಂಡೈಸ್, ಹಾರ್ವರ್ಡ್ ಕಾನೂನು ಪತ್ರಿಕೆಯಲ್ಲಿ ಖಾಸಗಿತನದ ಹಕ್ಕಿನ ಬಗ್ಗೆ ಒಂದು ಲೇಖನ ಬರೆದರು. ಗಾಸಿಪ್ ಈಗ ಕೆಲಸವಿಲ್ಲದವರ, ಕೆಟ್ಟವರ ಪಾಲಿನದ್ದಾಗಿ ಉಳಿದಿಲ್ಲ, ಅದೊಂದು ದಂಧೆಯಾಗಿದೆ ಅಂತ ಅದರಲ್ಲಿ ಬರೆದಿದ್ದಾರೆ. ಮನುಷ್ಯನನ್ನು ಅವನ ಪಾಡಿಗೆ ಬಿಡಬೇಕು ಅನ್ನುವ ಹಕ್ಕನ್ನು ಕಾನೂನು ಒಪ್ಪಬೇಕು ಅನ್ನುವುದು ಅವರ ವಾದ.

ಪೇಪರಿನ ಗಾಸಿಪ್ ಮೇಲಿನ ಸಿಟ್ಟಿನಿಂದ ಬಂದ ಈ ಲೇಖನ 127 ವರ್ಷ ಆದ ಮೇಲೆ ನಮ್ಮ ದೇಶದಲ್ಲಿ ಕೆಲಸಕ್ಕೆ ಬಂತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿದ್ದರಲ್ಲ, ಆ ಕೇಸು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿತು. ಆ ತೀರ್ಪು ಖಾಸಗಿತನದ ಇತಿಹಾಸ ಹೇಳುವಾಗ ವಾರನ್, ಬ್ರಾಂಡೈಸ್ ಲೇಖನವನ್ನು ಚರ್ಚಿಸುತ್ತದೆ.

ಹಾಸನ್ ಹುಡ್ಗ

ವಾರನ್ ಮಗಳ ಮದುವೆ ಬಗ್ಗೆ ಪೇಪರಿನವರು ಏನೇನೋ ಬರೆದರು, ಆ ಕೋಪಕ್ಕೆ ಲೇಖನ ಬರೆದ ಅಂತ ಎಲ್ಲೋ ಓದಿದ ನೆನಪು.

ಕರಿಕೋಟು

ಕಾನೂನು ಕಾಲೇಜುಗಳಲ್ಲಿ ಎಲ್ಲರೂ ಕೇಳಿರುವ ಕಥೆ ಅದು. ವಿಲಿಯಂ ಪ್ರಾಸರ್ ಅನ್ನುವ ದೊಡ್ಡ ಕಾನೂನು ಪಂಡಿತ 1960ರಲ್ಲಿ ಹಾಗೆ ಬರೆದುಬಿಟ್ಟ. ಸ್ವಲ್ಪ ಲೆಕ್ಕ ಹಾಕಿ. ವಾರನ್ ಮದುವೆಯಾಗಿದ್ದು 1883ರಲ್ಲಿ. ಲೇಖನ ಬಂದದ್ದು 1890ರಲ್ಲಿ. ಮಗಳಿಗೆ ಹೆಚ್ಚೆಂದರೆ ಏಳು ವರ್ಷ! ಗಾಸಿಪ್ ವಿರುದ್ಧ ಬರೆದ ಲೇಖನದ ಬಗ್ಗೆಯೇ ಒಂದು ಗಾಸಿಪ್ ಹುಟ್ಟಿ, ಪಾಠದ ಹಾಗೆ ವರ್ಷಾನುಗಟ್ಟಲೆ ಓಡಿತು.

ಸಂಶಯಪ್ಪ

ಊಟ ಆಯಿತು. ಶಾಂತಕ್ಕ, ಹೆಂಗಸರ ಪದಕ್ಕೆ ಹೆಚ್ಚು ಪೆಟ್ಟು ಬಿದ್ದಿದೆ ಅನ್ನುವುದನ್ನು ಒಪ್ಪುತ್ತೇನೆ. ಕೊಮೇರ್, ಕೊಂಪೇರ್ ಜೋಡಿ ಎದುರಿಗಿಟ್ಟ ಮೇಲೆ ವಾದ ಮಾಡುವುದು ಕಷ್ಟ. ಕಬ್ಬಿಣದ ಮುಖವಾಡದ ವಿಷಯದಲ್ಲಿ ಮಾತ್ರ ನನ್ನ ತಕರಾರು ಹಾಗೇ ಇದೆ.

ಇನ್ನೊಂದು ಮಾತು. ಈಗ ವಿಜ್ಞಾನದವರು ಗಾಸಿಪ್‌ನ ಮಾನ ವಾಪಸ್ ಕೊಡುತ್ತಿದ್ದಾರೆ. ಬ್ರಿಟನ್ನಿನ ರಾಬಿನ್ ಡನ್ಬರ್ 1996ರಲ್ಲಿ ಒಂದು ವಾದ ಮುಂದಿಟ್ಟ. ಮಂಗಗಳು ಒಂದರ ಮೈ ಒಂದು ಹೆಕ್ಕುತ್ತಾ ಗಂಟೆಗಟ್ಟಲೆ ಕೂರುತ್ತವಲ್ಲ, ಅದು ಶುಚಿಗಿಂತ ಹೆಚ್ಚಾಗಿ ನಂಟು ಉಳಿಸಿಕೊಳ್ಳುವ ದಾರಿ. ಮನುಷ್ಯರ ಗುಂಪು ದೊಡ್ಡದಾದಾಗ ಎಲ್ಲರ ಮೈ ಹೆಕ್ಕುತ್ತಾ ಕೂರಲು ಹೊತ್ತು ಸಾಲಲಿಲ್ಲ. ಆ ಕೆಲಸವನ್ನು ಮಾತು ವಹಿಸಿಕೊಂಡಿತು ಅಂತ. ಜನ ಆಡುವ ಮಾತಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಯಾರು ಏನು ಮಾಡಿದರು ಅನ್ನುವಂಥ ಮನುಷ್ಯರ ವಿಷಯವೇ ಅಂತ ಅವನ ಅಧ್ಯಯನ ಹೇಳಿತು. ಗಂಡಸರು, ಹೆಂಗಸರು ಇಬ್ಬರದ್ದೂ ಸೇರಿ, ಅಕ್ಕಾ.

ಓದುಗೌಡ್ರು

ಡನ್ಬರ್ ಗಾಸಿಪ್ ಅನ್ನುವುದನ್ನು ತುಂಬಾ ಅಗಲ ಮಾಡಿಬಿಟ್ಟ. 'ನಿಮ್ಮ ಮಗಳಿಗೆ ಸೀಟು ಸಿಕ್ಕಿತಾ' ಅನ್ನುವುದೂ ಗಾಸಿಪ್, 'ಅವಳು ಓಡಿಹೋದಳಂತೆ' ಅನ್ನುವುದೂ ಗಾಸಿಪ್. ಎರಡೂ ಒಂದೇ ಅಲ್ಲ. ಭಾಷೆ ಹುಟ್ಟಿದ್ದೇ ಹೀಗೆ ಅನ್ನುವುದು ಊಹೆ, ಎಲ್ಲ ವಿದ್ವಾಂಸರೂ ಒಪ್ಪಿಲ್ಲ.

ಸರ್ವರ್ ರೂಮ್

ನಮ್ಮ ಕ್ಷೇತ್ರದಲ್ಲಿ ಗಾಸಿಪ್ ಅಂದರೆ ಬೈಗುಳವೇ ಅಲ್ಲ, ದಿನದ ಕೆಲಸ. ಬೆಂಗಳೂರಿನ ಯಾವ ಟೆಕ್ ಪಾರ್ಕಿನಲ್ಲಾದರೂ ಕೇಳಿ, ಗಾಸಿಪ್ ಪ್ರೋಟೋಕಾಲ್ ಗೊತ್ತಿರುವವರು ಸಿಗುತ್ತಾರೆ.

ನೂರಾರು ಸರ್ವರ್‌ಗಳು ಒಟ್ಟಿಗೆ ಕೆಲಸ ಮಾಡುವಾಗ ಯಾವುದು ಬದುಕಿದೆ, ಯಾವುದು ಬಿದ್ದಿದೆ ಅನ್ನುವ ಸುದ್ದಿ ಎಲ್ಲಕ್ಕೂ ತಲುಪಬೇಕು. ಒಬ್ಬ ಯಜಮಾನ ಸರ್ವರ್ ಇಟ್ಟರೆ ಅದೇ ಬಿದ್ದಾಗ ಗತಿ ಏನು? ಅದಕ್ಕೆ ಪ್ರತಿ ಸರ್ವರ್ ಆಗಾಗ ಬೇರೆ ಒಂದೆರಡು ಸರ್ವರ್‌ಗಳನ್ನು ಸುಮ್ನೆ ಆರಿಸಿಕೊಂಡು ತನಗೆ ಗೊತ್ತಿರುವುದನ್ನು ಹೇಳುತ್ತದೆ, ಅವುಗಳಿಂದ ಕೇಳುತ್ತದೆ. ಕ್ಯಾಸಂಡ್ರಾ ಅನ್ನುವ ಡೇಟಾಬೇಸ್‌ನಲ್ಲಿ ಇದು ಪ್ರತಿ ಸೆಕೆಂಡಿಗೆ ನಡೆಯುತ್ತದೆ, ಒಂದು ಸಲಕ್ಕೆ ಹೆಚ್ಚೆಂದರೆ ಮೂರು ಸರ್ವರ್ ಜೊತೆ. ಸ್ವಲ್ಪ ಹೊತ್ತಿಗೆ ಊರೆಲ್ಲ ಸುದ್ದಿ. ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದವರು 1987ರಲ್ಲಿ ಬರೆದ ಪ್ರಬಂಧದಿಂದ ಈ ದಾರಿ ಹೆಸರಾಯಿತು. ಅವರು ಇದಕ್ಕೆ ಸಾಂಕ್ರಾಮಿಕ ರೋಗದ ಹೋಲಿಕೆ ಕೊಟ್ಟಿದ್ದರು. ಒಂದು ವಿಧಾನಕ್ಕೆ 'ವದಂತಿ ಹಬ್ಬಿಸುವುದು' ಅಂತಲೇ ಹೆಸರು.

ಗಣಿತದವರೂ ಬಿಟ್ಟಿಲ್ಲ. ಒಂದು ಲೆಕ್ಕ ಕೊಡುತ್ತೇನೆ, ಮಾಡಿ. ಆರು ಜನ ಇದ್ದಾರೆ. ಒಬ್ಬೊಬ್ಬರಿಗೂ ಒಂದೊಂದು ಬೇರೆ ಬೇರೆ ಗುಟ್ಟು ಗೊತ್ತು. ಇಬ್ಬರು ಫೋನಿನಲ್ಲಿ ಮಾತಾಡಿದರೆ ಅಷ್ಟರವರೆಗೆ ತಮಗೆ ತಿಳಿದದ್ದನ್ನೆಲ್ಲ ಹೇಳಿಕೊಳ್ಳುತ್ತಾರೆ. ಆರೂ ಜನಕ್ಕೆ ಆರೂ ಗುಟ್ಟು ತಿಳಿಯಲು ಕಡಿಮೆ ಅಂದರೆ ಎಷ್ಟು ಫೋನ್ ಬೇಕು?

ಹಾಸನ್ ಹುಡ್ಗ

ಹತ್ತು? ಐದು ಜನ ಒಬ್ಬರಿಗೆ ಹೇಳುವುದು, ಆ ಒಬ್ಬರು ಐದು ಜನಕ್ಕೆ ವಾಪಸ್ ಹೇಳುವುದು.

ಬಿಸಿಬೇಳೆ

ಒಂಬತ್ತು. ಐದನೇ ಫೋನಿನಲ್ಲೇ ಕೊನೆಯವರಿಗೆ ಎಲ್ಲ ಗೊತ್ತಾಗಿರುತ್ತದೆ, ಅವರಿಗೆ ವಾಪಸ್ ಮಾಡಬೇಕಿಲ್ಲ.

ಶಾಂತಕ್ಕ ಶಿರಸಿ

ಎಂಟು. ಇಬ್ಬರು ಮೊದಲು ಸರೋಜಳಿಗೆ ಹೇಳಿಬಿಡಲಿ. ಎರಡು ಫೋನ್ ಆಯಿತು. ಈಗ ಸರೋಜ, ಗಿರಿಜ, ವಿಮಲ, ಪದ್ಮ ನಾಲ್ಕು ಜನ. ಸರೋಜ ಗಿರಿಜಳಿಗೆ, ವಿಮಲ ಪದ್ಮಳಿಗೆ. ಆಮೇಲೆ ಜೋಡಿ ಬದಲಿಸಿ, ಸರೋಜ ವಿಮಲಳಿಗೆ, ಗಿರಿಜ ಪದ್ಮಳಿಗೆ. ನಾಲ್ಕೇ ಫೋನಿನಲ್ಲಿ ನಾಲ್ವರಿಗೂ ಎಲ್ಲ ಗೊತ್ತು. ಕೊನೆಗೆ ಮೊದಲಿನ ಇಬ್ಬರಿಗೆ ಒಂದೊಂದು ಫೋನ್.

ಸರ್ವರ್ ರೂಮ್

ಸರಿ ಅಕ್ಕಾ, ಎಂಟೇ. ಜನರ ಸಂಖ್ಯೆಯನ್ನು ಎರಡರಿಂದ ಗುಣಿಸಿ ನಾಲ್ಕು ಕಳೆಯಬೇಕು. ಅದಕ್ಕಿಂತ ಕಡಿಮೆಯಲ್ಲಿ ಆಗಲ್ಲ ಅಂತ 1970ರ ದಶಕದ ಆರಂಭದಲ್ಲಿ ಹಲವು ಗಣಿತಜ್ಞರು ಬೇರೆ ಬೇರೆಯಾಗಿ ಸಾಧಿಸಿದರು. ನಾಲ್ಕಕ್ಕಿಂತ ಕಡಿಮೆ ಜನ ಇದ್ದರೆ ಮಾತ್ರ ಈ ಸೂತ್ರ ನಡೆಯಲ್ಲ. ಮೂವರಿಗೆ ಮೂರು ಫೋನ್ ಬೇಕೇ ಬೇಕು.